ಹೇಳುವವನು ಬಾಯಿ ಬಿಡದ ಮಧ್ಯಾಹ್ನ

ಗೋಂದು ಇನ್ನೂ ಒಣಗಿಲ್ಲ, ವಿಮಲಮ್ಮ ಮುಚ್ಚಳ ಎತ್ತಿದಾಗ ಅದರ ಹುಳಿ ವಾಸನೆ ಈ ಬೆಂಚಿನವರೆಗೂ ಬಂತು, ನನ್ನ ಆಟದ ಪೆಟ್ಟಿಗೆಯ ಒಂದು ಮೂಲೆ ಬಿಟ್ಟುಕೊಂಡಿದೆ, ಮೂರ್ನಾಡಿನಿಂದ ಮಡಿಕೇರಿ, ಮಡಿಕೇರಿಯಿಂದ ಸುಂಟಿಕೊಪ್ಪ, ಬಸ್ಸಿನ ಪ್ರತಿ ತಿರುವಿನಲ್ಲೂ ತೊಡೆಯ ಮೇಲಿಟ್ಟು ಅದುಮಿ ಹಿಡಿದುಕೊಂಡೇ ಬಂದೆನಲ್ಲ, ಅದಕ್ಕೇ ಇರಬೇಕು — ಮೆಲ್ಲಗೆ ಎತ್ತಿ ಎನ್ನಲೇ, ಬೇಡ, ಬಾಯಿ ಬಿಡಬಾರದು, ಒಪ್ಪಿಕೊಂಡಿದ್ದೇನೆ. ಪಕ್ಕದಲ್ಲಿ ಶಿವಶಂಕರಪ್ಪ, ಅಚ್ಚುಕೂಟದ ಯಜಮಾನ, ತನ್ನದೇ ಮನೆಯ ಪಡಸಾಲೆಯಲ್ಲಿ ನನ್ನನ್ನು ಕಾವಲು ಕಾಯುತ್ತ ಕೂತಿದ್ದಾನೆ, ನಾನು ಉಸಿರು ಎಳೆದುಕೊಂಡರೂ ತಿರುಗಿ ನೋಡುತ್ತಾನೆ. ಹೋದ ತಿಂಗಳು ಇದೇ ಬೆಂಚಿನ ಮೇಲೆ ಅಂದದ್ದು, ಆಟ ಚೆಂದಾಗಿ ಅದೆ ಉತ್ತಯ್ಯನೋರೆ, ನೀವು ಹೇಳ್ತಾ ಇದ್ರೆ ನಾನೇ ಕಾಡೊಳಗೆ ನಡ್ಕೊಂಡು ಹೋದಂಗಾಯ್ತು, ಆದ್ರೆ ಪೆಟ್ಟಿಗೆ ಜೊತೆ ನಿಮ್ಮನ್ನೂ ಕಟ್ಟಿ ಕಳ್ಸಕ್ಕಾಯ್ತದಾ, ಈ ಆಟ ಕಾಣದೇ ಇರೋರು ನಿಮ್ಮ ಪುಸ್ತಕ ಓದ್ಕೊಂಡು ಆಡ್ಲಿ, ನೀವು ಮೂಲೇಲಿ ಕೂತಿರಿ, ಒಂದು ಮಾತಾಡಿದ್ರೂ ನಾನು ಅಚ್ಚು ಹಾಕಲ್ಲ. ನಗುತ್ತಲೇ ಅಂದ, ನಾನೂ ನಕ್ಕೆ, ಮನೆಗೆ ಹೋಗುವ ದಾರಿಯಲ್ಲಿ ನಗು ಉಳಿಯಲಿಲ್ಲ, ಆತ ಅಂದದ್ದು ಸರಿಯಾಗಿತ್ತು, ಇಷ್ಟು ವರ್ಷ ನಾನು ಮಾರಲು ಹೊರಟದ್ದು ಆಟವನ್ನೋ ನನ್ನ ಗಂಟಲನ್ನೋ. ಈಗ ವಿಮಲಮ್ಮ ಓದುತ್ತಿದ್ದಾಳೆ, ಯಜಮಾನನ ಹೆಂಡತಿ, ಅಕ್ಷರಕ್ಕೆ ಅಕ್ಷರ ಒತ್ತಿ, ಶಾಲೆಯ ಪಾಠ ಒಪ್ಪಿಸುವ ಹಾಗೆ, ಈ ಆಟದಲ್ಲಿ ಗೆಲ್ಲುವವರಿಲ್ಲ, ಪ್ರತಿಯೊಬ್ಬರೂ ಒಬ್ಬೊಬ್ಬ ಮನುಷ್ಯರಾಗಬೇಕು, ಒಬ್ಬರು ಹೇಳುವವರು, ಎದುರಿಗೆ ಏನಿದೆ ಎಂದು ಅವರು ಹೇಳಬೇಕು, ಏನು ಮಾಡುತ್ತೇವೆಂದು ಉಳಿದವರು ಹೇಳಬೇಕು, ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ಹಾಕಬೇಕು — ದೇವರೇ, ಇಷ್ಟು ಒಣಕಲಾಗಿ ಬರೆದಿದ್ದೇನೆಯೇ, ಎಸ್ಟೇಟಿನ ನೋಟೀಸು ಬೋರ್ಡಿನ ಹಾಗೆ, ಲೆಕ್ಕ ಬರೆದ ಹಳೆಯ ರೈಟರನ ಕೈ ಎಲ್ಲಿ ಬಿಡುತ್ತದೆ, ಹಾಜರಿ ಕೂಗಿ ಕೂಗಿ, ಕೊಯ್ದ ಕಾಫಿ ಹಣ್ಣಿನ ಬುಟ್ಟಿ ಅಳೆದು ಅಳೆದು. ಗೆಲ್ಲೋರಿಲ್ದಿದ್ರೆ ಆಟ ಎಂಥದು ಅಕ್ಕಾ ಅನ್ನುತ್ತಾನೆ ನಂಜಪ್ಪ, ವಿಮಲಮ್ಮನ ತಮ್ಮ, ಬಟ್ಟೆ ಅಂಗಡಿಯವನು. ಮೈಸೂರಿನಲ್ಲಿ ಆಟಿಕೆ ಅಂಗಡಿಯವನೂ ಇದನ್ನೇ ಕೇಳಿದ್ದ, ಯಾರೂ ಗೆಲ್ಲುವುದಿಲ್ಲ, ಊರು ತಲುಪುತ್ತಾರೆ ಅಂದೆ, ಅವನು ನನ್ನ ನಕ್ಷೆಯ ಬಟ್ಟೆಯನ್ನು ಮಡಿಸಿ, ನನ್ನ ಹೆಂಡತಿ ಹೊನ್ನಮ್ಮ ಅಂಚು ಹೊಲಿದ ಬಟ್ಟೆ, ಹರಿದ ಟವೆಲಿನ ಹಾಗೆ ಕೈಗೆ ಕೊಟ್ಟ.

ಹೊನ್ನಮ್ಮ ಈಗ ಏನು ಮಾಡುತ್ತಿರಬಹುದು, ಭಾನುವಾರ, ಶಾಲೆ ಇಲ್ಲ, ತನ್ನ ತರಗತಿಯ ಮಕ್ಕಳ ಕಾಪಿ ತಿದ್ದುತ್ತಿರಬಹುದು, ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ಮುಖ ನೋಡದೆ ಅಂದಳು, ನಂಗೂ ಸಾಕಾಗುಟ್ಟು, ಪೊನ್ನಂಪೇಟೆಲಿ ಅಣ್ಣ ನೋಡಿದ ರೈಟರ್ ಕೆಲ್ಸ ಉಟ್ಟಲ್ಲ, ಇದೂ ಆಗ್ದಿದ್ರೆ ಅಲ್ಲಿಗೆ ಹೋಗಿ, ನಾ ಮತ್ತೆ ಕೇಳೂದಿಲ್ಲೆ. ಜಗಳವಲ್ಲ ಅದು, ಜಗಳವಾಗಿದ್ದರೆ ಉತ್ತರ ಕೊಡಬಹುದಿತ್ತು. ಭಾವ ನಾಳೆ ಉತ್ತರ ಕೇಳುತ್ತಾರೆ. ಹೋದರೆ ಮತ್ತೆ ಅದೇ ಸೀಟಿ, ಕೂಲಿಯವರ ಲೈನುಮನೆಗಳ ಮುಂದೆ ಮಂಜಿನಲ್ಲಿ ನಿಂತು ಹೆಸರು ಕೂಗುವುದು, ಜವರ, ಚಿನ್ನ, ಲಿಂಗ, ಮಾರಿ, ಎಲ್ಲರೂ ಬಂದೆ ಅನ್ನುವುದು, ಕೆಟ್ಟ ಕೆಲಸವೇನಲ್ಲ, ಎಷ್ಟೋ ಜನ ಮಾಡುತ್ತಾರೆ, ನಾನೂ ಮಾಡಿದೆ, ಆದರೆ ಸೈನ್ಯದಲ್ಲಿದ್ದಾಗ ಒಬ್ಬ ಸುಬೇದಾರ ನನ್ನನ್ನು ಕೆಡಿಸಿಬಿಟ್ಟ. ಬರ್ಮಾ ಗಡಿಯ ಡೇರೆ, ನೆಲದ ಮೇಲೆ ಮರಳಿನಲ್ಲಿ ಮಾಡಿದ ಬೆಟ್ಟ, ದಾರದ ಹೊಳೆ, ಬೆಂಕಿಕಡ್ಡಿಯ ಸೇತುವೆ, ಕೋಲು ನನ್ನ ಎದೆಗೆ ಚುಚ್ಚಿ ಕೇಳಿದ, ನೀನೀಗ ಜಪಾನಿ, ಎಲ್ಲಿಂದ ಬರುತ್ತೀ? ಅಲ್ಲಿಯವರೆಗೆ ನಾನು ಉತ್ತಯ್ಯ, ಮೊಣ್ಣಪ್ಪನ ಎರಡನೇ ಮಗ, ಬೇರೆ ಯಾರಾದರೂ ಆಗು ಎಂದು ಹುಟ್ಟಿದಂದಿನಿಂದ ಒಬ್ಬರೂ ಹೇಳಿರಲಿಲ್ಲ. ಹೊಳೆಯ ಬದಿಯಿಂದ ಬರುತ್ತೇನೆ, ಹಸಿದಿದ್ದೇನೆ, ನಿಮ್ಮ ಅಡಿಗೆಯ ಹೊಗೆ ಕಾಣುತ್ತಿದೆ ಅಂದೆ, ಸುತ್ತ ನಿಂತವರು ಒಂದು ಗಳಿಗೆ ನನ್ನನ್ನು ಹೆದರಿ ನೋಡಿದರು. ಆ ಗಳಿಗೆಯನ್ನು ಪೆಟ್ಟಿಗೆಗೆ ತುಂಬಬೇಕೆಂದು ಇಷ್ಟೆಲ್ಲ. ಕ್ಲಬ್ಬಿನಲ್ಲಿ ಎಸ್ಟೇಟಿನ ದೊರೆಗಳ ಮುಂದೆ ನಕ್ಷೆ ಹಾಸಿದೆ, ಸ್ವಲ್ಪ ಹೊತ್ತು ನಕ್ಕು ಇಸ್ಪೀಟು ತರಿಸಿಕೊಂಡರು. ಶಾಲೆಗಳಿಗಾದರೂ ಕೊಳ್ಳಲಿ ಎಂದು ಕಚೇರಿ ಹತ್ತಿದೆ, ಮೊದಲಾಗಿದ್ದರೆ ಮಡಿಕೇರಿಯಲ್ಲೇ ಮುಗಿಯುತ್ತಿತ್ತು, ಈಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದೆಯಲ್ಲ, ಅಲ್ಲಿಗೇ ಹೋಗಿ ಕೇಳಿ ಅಂದರು, ಅಲ್ಲಿಗೆ ಹೋದರೆ ಕೊಡಗಿನವರು ಕೊಡಗಿನಲ್ಲೇ ಕೇಳಬೇಕಲ್ಲ ಅಂದರು.

ಆಟ ಶುರುವಾಯಿತು. ನಂಜಪ್ಪ ಎತ್ತಿನ ಹೇರು ಹೊಡೆಯುವ ವ್ಯಾಪಾರಿ, ಇಷ್ಟವಿಲ್ಲದೆಯೇ ಆದವನು. ಶಿವಮ್ಮ — ಯಜಮಾನನ ಅಕ್ಕ, ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವರು, ಬಂದಾಗ ನನಗೆ ಕಾಫಿ ತಂದಿಟ್ಟವರು ಅವರೇ — ಅರಮನೆಗೆ ಓಲೆ ಒಯ್ಯುವ ಓಟದವನಾದರು. ನಮ್ಮನೇಲಿ ಇಬ್ರು ಹೆಂಗಸರು, ಇಬ್ರೂ ಗೋಡೆ ಜೊತೆ ಮಾತಾಡ್ತಾರೆ ಅಂತ ಶಿವಶಂಕರಪ್ಪ ಒಮ್ಮೆ ಅಂದಿದ್ದ, ಉಪ್ಪು ಬೇಕಾದ್ರೂ ನನ್ನ ಕೈಲಿ ಹೇಳಿ ಕಳಿಸ್ತಾರೆ. ಈಗ ಒಬ್ಬರಿಗೊಬ್ಬರು ಮಾತಾಡಲೇಬೇಕು, ಒಬ್ಬರು ಹೇಳುವವರು, ಒಬ್ಬರು ಓಟದವನು. ಎದುರಿಗೆ ಹೊಳೆ ಇದೆ, ವಿಮಲಮ್ಮ ಪುಸ್ತಕದಿಂದ ಕಣ್ಣು ಎತ್ತದೆ, ಹೊಳೆ ತುಂಬಿದೆ, ಏನು ಮಾಡುತ್ತೀರಿ. ತಪ್ಪು, ತಪ್ಪು, ಹೊಳೆಯ ಸದ್ದು ಹೇಳಬೇಕು, ಕೆಸರಿನ ಬಣ್ಣ ಹೇಳಬೇಕು, ನಾನಾಗಿದ್ದರೆ ತೇಲಿ ಬರುವ ಮರವನ್ನು ತೋರಿಸುತ್ತಿದ್ದೆ, ನಾಲಿಗೆ ಹಲ್ಲಿನ ಹಿಂದೆ ಒದ್ದಾಡುತ್ತದೆ, ಶಿವಶಂಕರಪ್ಪ ತಿರುಗಿ ನೋಡಿದ. ನಂಜಪ್ಪ ದಾಟ್ತೀನಿ ಅಂದು ದಾಳ ಹಾಕಿದ, ದಾಟಿದ, ಆಕಳಿಸಿದ. ಶಿವಮ್ಮ ಬಟ್ಟೆಯ ಮೇಲಿನ ನೀಲಿ ಗೆರೆಯನ್ನೇ ನೋಡುತ್ತಿದ್ದಾರೆ. ನಾನು ದಾಟಲ್ಲ ಅಂದರು. ದಾಟಲ್ವಾ ಅಂದಳು ವಿಮಲಮ್ಮ. ದಾಟಲ್ಲ ಕಣಮ್ಮ, ಆ ಓಲೆ ಯಾರದೋ, ಅರಮನೆ ಯಾರದೋ, ನಂಗೆ ಓಡಿ ಓಡಿ ಸಾಕಾಗಿ ಅದೆ, ಈ ದಡದಲ್ಲೇ ಕೂತ್ಕತೀನಿ.

ಮುಗಿಯಿತು. ಪುಸ್ತಕದಲ್ಲಿ ಇದಿಲ್ಲ. ಓಟದವನು ಓಡುವುದಿಲ್ಲ ಅಂದರೆ ಏನು ಮಾಡಬೇಕು ಎಂದು ನಾನು ಬರೆದಿಲ್ಲ, ಎಷ್ಟು ಊರಲ್ಲಿ ಆಡಿಸಿದೆ, ಯಾರೂ ಹೀಗೆ ಅನ್ನಲಿಲ್ಲ, ಅಥವಾ ಅನ್ನಲು ನಾನು ಬಿಡಲಿಲ್ಲ, ಯಾರಾದರೂ ನಿಧಾನಿಸಿದರೆ ಹಿಂದಿನಿಂದ ಆನೆ ಬಿಡುತ್ತಿದ್ದೆ, ಅರಮನೆಯ ಕಾವಲಿನವರನ್ನು ಕಳಿಸುತ್ತಿದ್ದೆ, ಎಲ್ಲರೂ ಓಡುತ್ತಿದ್ದರು, ಆಟ ಚೆಂದವಾಯಿತು ಅನ್ನುತ್ತಿದ್ದರು. ವಿಮಲಮ್ಮ ಹಾಳೆ ಮಗುಚುತ್ತಾಳೆ, ಮುಂದೆ, ಹಿಂದೆ, ಮತ್ತೆ ಮುಂದೆ. ಮೂವರೂ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕು, ಆನೆ ಅಂದರೆ ಸಾಕು. ಆನೆ ಅಂದರೆ ಅಚ್ಚಿಲ್ಲ, ಅನ್ನದಿದ್ದರೆ ಆಟವಿಲ್ಲ, ಎರಡು ಕಡೆಯೂ ಪೊನ್ನಂಪೇಟೆ, ಸರಿ, ಪೊನ್ನಂಪೇಟೆಯೇ ಆಗಲಿ, ಸುಸ್ತಾಗಿದೆ ನನಗೂ, ನಾನೂ ಈ ದಡದಲ್ಲೇ ಕೂರುತ್ತೇನೆ, ಅವರು ಹೇಳಿದ್ದರಲ್ಲಿ ತಪ್ಪೇನು. ಕಣ್ಣು ತಗ್ಗಿಸಿ ನನ್ನ ಬೂಟು ನೋಡಿಕೊಂಡೆ. ಪುಸ್ತಕ ಮುಚ್ಚಿದ ಸದ್ದು. ಎದ್ದರು ಎಂದುಕೊಂಡೆ, ಎದ್ದಿರಲಿಲ್ಲ. ಹಂಗಾರೆ ಕೂತ್ಕಳಿ ಅಕ್ಕಾ, ವಿಮಲಮ್ಮನ ದನಿ, ಓದುವ ದನಿಯಲ್ಲ, ಮನೆಯ ದನಿ, ಕತ್ತಲಾಯ್ತಾ ಬಂತು, ಚಳಿ ಅದೆ, ನಿಮ್ಮ ಸೀರೆ — ಅಲ್ಲ, ನಿಮ್ಮ ಪಂಚೆ ಒದ್ದೆ ಆಗಿ ಅದೆ. ಆಗ್ಲಿ. ಹಿಂದುಗಡೆ ಒಂದು ಗುಡ್ಲು ಅದೆ, ಒಳಗೆ ಒಲೆ ಉರೀತಾ ಅದೆ. ಯಾರದು ಗುಡ್ಲು? ಗೊತ್ತಿಲ್ಲ, ಒಳಗೆ ಒಬ್ಳು ಅವ್ಳೆ, ಅವಳಿಗೂ ಹೊರಗೆ ಯಾರೋ ಕೂತವ್ರೆ ಅಂತ ಗೊತ್ತು. ಗೊತ್ತಿದ್ದೂ ಕರೀಲಿಲ್ವಾ? ಕರೆಯಕ್ಕೆ ಅವಳಿಗೆ ಹೆದ್ರಿಕೆ ಅಕ್ಕಾ, ಬಂದೋರು ಎಂಥವ್ರೋ ಏನೋ ಅಂತ. ನಂಜಪ್ಪನ ಆಕಳಿಕೆ ಅರ್ಧಕ್ಕೇ ನಿಂತಿದೆ. ಶಿವಶಂಕರಪ್ಪ ನನ್ನನ್ನು ನೋಡುವುದನ್ನು ಬಿಟ್ಟಿದ್ದಾನೆ. ಬಾಗ್ಲು ತಟ್ತೀರಾ ಅಕ್ಕಾ? ತಟ್ಟಿದ್ರೆ ತೆಗೀತಾಳಾ? ದಾಳ ಹಾಕ್ಬೇಕು, ಪುಸ್ತಕದಲ್ಲಿ ಹಂಗೇ ಬರ್ದವ್ರೆ, ಮೊದ್ಲು ನೀವು ತಟ್ಟಿ. ಶಿವಮ್ಮ ದಾಳ ಮುಟ್ಟಲಿಲ್ಲ, ಬಲಗೈ ಎತ್ತಿದರು, ತೋರುಬೆರಳು ಮಡಿಚಿದರು, ಮೇಜಿನ ಮೇಲೆ, ಹಲಗೆಗೆ ಇನ್ನೂ ತಾಗದೆ — ಶಿವಶಂಕರಪ್ಪ ನನ್ನ ಕಿವಿಗೆ ಬಗ್ಗಿದ, ನಾಳೆನೇ ಅಚ್ಚಿನ ಮೊಳೆ ಜೋಡಿಸ್ತೀನಿ, ನೀವು ಬೇಕಾದ್ರೆ ಹೊರಡಿ, ಬಸ್ಸದೆ. ಅಂದರೆ ಆಯಿತು, ಅಂದರೆ ಪೊನ್ನಂಪೇಟೆ ಇಲ್ಲ, ಹೊನ್ನಮ್ಮನಿಗೆ ಹೇಳಬೇಕು, ಭಾವನಿಗೆ ಹೇಳಬೇಕು, ಇನ್ನೊಂದು ಆಟ ಕಟ್ಟಬೇಕು, ಅದಾದ ಮೇಲೆ ಇನ್ನೊಂದು, ಇನ್ನು ಇದೇ ಕಸುಬು, ಸಂತೋಷವಾಗಬೇಕಿತ್ತು, ಆಗುತ್ತದೆ, ಬಸ್ಸಿನಲ್ಲಿ ಆಗಬಹುದು, ಈಗ ಕಾಲು ಏಳುತ್ತಿಲ್ಲ, ಇಲ್ಲಿ ಯಾರಿಗೂ ನಾನು ಬೇಡ, ನನ್ನ ಆಟದೊಳಗೆ ನನಗೆ ಗೊತ್ತಿಲ್ಲದ ಒಂದು ಗುಡಿಸಲು, ಒಳಗೆ ಯಾರು, ತೆಗೆಯುತ್ತಾಳೋ ಇಲ್ಲವೋ, ನಾನೂ ಕಾಯಬೇಕು ಎಲ್ಲರ ಹಾಗೆ, ಹೊರಡಬೇಕು, ಬಸ್ಸು, ಆ ಬೆರಳು ಇನ್ನೂ ಇಳಿದಿಲ್ಲ, ವಿಮಲಮ್ಮ ಉಸಿರು ಬಿಗಿಹಿಡಿದಿದ್ದಾಳೆ, ಮಡಿಚಿದ ಬೆರಳು, ಗಂಟಿನ ಮೇಲೆ ಒಲೆಯ ಮಸಿ, ಏಳಬೇಕು, ಬೆರಳು, ಹಲಗೆಗೂ ಅದಕ್ಕೂ ನಡುವೆ ಇಷ್ಟೇ ಇಷ್ಟು ಜಾಗ, ಮಡಿಚಿದ ಆ ಬೆರಳು —