ತಂಗಿ ತಂದ ಗೊಬ್ಬರ

ಅಕ್ಕ ಎಂಥ ಗಟ್ಟಿಗಿತ್ತಿ ಎಂದರೆ, ದೇವರೇ ಬುಟ್ಟಿ ಹೊತ್ತು ತಂದರೂ ಪರೀಕ್ಷೆ ಮಾಡದೆ ಗೊಬ್ಬರವನ್ನು ಮಣ್ಣಿಗೆ ಸೇರಿಸುವವಳಲ್ಲ. ಹೊರಗಿನಿಂದ ಬಂದದ್ದನ್ನು ಮೊದಲು ಕುಂಡಕ್ಕೆ ತುಂಬಿ ಬೀನ್ಸ್ ಬೀಜ ಊರುತ್ತಾಳೆ. ಎಲೆ ನೆಟ್ಟಗೆ ಬಿಚ್ಚಿಕೊಂಡರೆ ಸರಿ, ಸುರುಟಿಕೊಂಡರೆ ತಂದವನಿಗೇ ವಾಪಸ್. ಕಳೆನಾಶಕ ಹೊಡೆದ ಹುಲ್ಲು ತಿಂದ ಹಸುವಿನ ಸಗಣಿಯಲ್ಲೂ ಆ ವಿಷ ಉಳಿದಿರುತ್ತದೆ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದಳು.

ಅಂಥವಳು ತಂಗಿಯ ಮುಂದೆ ಸೋತಳು. ಅಮ್ಮನ ಆರೈಕೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ತಂಗಿ ಈ ಸಲ ತಾನಾಗಿಯೇ ಟ್ರ್ಯಾಕ್ಟರ್ ತುಂಬ ಕೊಟ್ಟಿಗೆ ಗೊಬ್ಬರ ತಂದು ಸುರಿದಳು. "ನಮ್ಮ ಹಸುಗಳದ್ದೇ ಅಕ್ಕ. ಇದಕ್ಕೂ ನಿನ್ನ ಕುಂಡದ ಪರೀಕ್ಷೆ ಮಾಡ್ತೀಯಾ?" ಎಂದು ನಕ್ಕಳು. ಒಡಹುಟ್ಟಿದವಳ ಮೇಲೆ ಯಾವ ಬಾಯಲ್ಲಿ ಅನುಮಾನ ಪಡೋದು? ಅಕ್ಕ ಅವತ್ತೇ ಸಲಿಕೆ ಹಿಡಿದು ಗೊಬ್ಬರವನ್ನು ಪಾತಿಯ ಮಣ್ಣಿಗೆ ಸೇರಿಸಿದಳು.

ಅದೇ ಪಾತಿಗೆ ಅಮ್ಮನ ಟೊಮೇಟೊ ಬೀಜ ಬಿತ್ತಿದಳು. ಯಾವ ಅಂಗಡಿಯಲ್ಲೂ ಸಿಗದ ತಳಿ. ಅಮ್ಮ ಪ್ರತಿ ಬೆಳೆಯಲ್ಲೂ ಒಳ್ಳೆ ಹಣ್ಣು ಆರಿಸಿ, ಬೀಜ ತೆಗೆದು ಬೂದಿಯಲ್ಲಿ ಒಣಗಿಸಿ ಕಾಪಾಡಿದ್ದು. ಸಾಯುವ ಮುಂಚೆ ಇಬ್ಬರು ಹೆಣ್ಣುಮಕ್ಕಳಿಗೂ ಹಂಚಿದ್ದಳು. ಹೋದ ಸಲದ ಬೆಳೆ ಕೈಕೊಟ್ಟಿದ್ದರಿಂದ ಅಕ್ಕನ ಡಬ್ಬಿಯಲ್ಲಿ ಉಳಿದಿದ್ದೇ ಅಷ್ಟು. ಒಂದನ್ನೂ ಉಳಿಸದೆ ಬಿತ್ತಿದಳು.

ಸಸಿಗಳ ಎಲೆ ಮುಷ್ಟಿ ಕಟ್ಟಿದ ಹಾಗೆ ಸುರುಟಿಕೊಂಡವು. ಕೆಲಸ ಕೆಟ್ಟ ಮೇಲೆ ಅದೇ ಗೊಬ್ಬರ ಕುಂಡಕ್ಕೆ ತುಂಬಿ ಬೀನ್ಸ್ ಊರಿ ನೋಡಿದಳು. ಅದೂ ಹಾಗೇ ಸುರುಟಿತು. ಇಷ್ಟು ವರ್ಷ ಎಲೆ, ಕಸಕಡ್ಡಿ ಕೊಳೆಸಿ ಕೊಳೆಸಿ ಹದ ಮಾಡಿದ ಮಣ್ಣನ್ನು ತನ್ನ ಕೈಯಾರೆ ಕೆಡಿಸಿದ್ದಳು. ಪಾತಿಯ ಅಂಚಿನಲ್ಲಿ ಕುಸಿದು ಕೂತು ಅತ್ತಳು.

ಆದರೂ ತಂಗಿಯ ಪಾಲಿನ ಬೀಜ ಇತ್ತಲ್ಲ. ಅದರಲ್ಲಿ ಒಂದು ಚಿಟಿಕೆ ಸಿಕ್ಕಿದರೂ ಅಮ್ಮನ ತಳಿ ಉಳಿದೀತು ಎಂದು ಓಡೋಡಿ ಹೋದಳು.

ತಂಗಿ ಹಿತ್ತಿಲಲ್ಲಿ ನೀರು ಹಾಕುತ್ತಿದ್ದಳು.

"ಅಮ್ಮನ ಬೀಜ ಸ್ವಲ್ಪ ಇದೆಯೇನೇ?"

"ಎಲ್ಲಾ ಬಿತ್ತಿಬಿಟ್ಟೆ ಅಕ್ಕ. ನಿನ್ನ ಹಾಗೇ ಮಾಡಿದೀನಿ ನೋಡು. ಗೊಬ್ಬರದಂಗಡಿ ಕಡೆ ತಲೆ ಹಾಕಿ ಕೂಡ ಮಲಗಿಲ್ಲ. ಬರೀ ನಮ್ಮ ಕೊಟ್ಟಿಗೆದು." ತಂಗಿ ಬಗ್ಗಿ ಒಂದು ಸಸಿಯನ್ನು ಬೆರಳಲ್ಲಿ ಎತ್ತಿ ತೋರಿಸಿದಳು. "ಬಿಸಿಲಿಗೋ ಏನೋ, ಎಲೆ ಮುದುಡ್ಕೊಂಡಿವೆ. ನೀರು ಕುಡಿದ್ರೆ ಬಿಚ್ಚಿಕೊಳ್ತವೆ ತಾನೆ?"

ಹಸುಗಳಿಗೆ ಹುಲ್ಲು ಎಲ್ಲಿಂದ ಕೊಂಡು ತಂದೆ ಎಂಬ ಮಾತು ಅಕ್ಕನ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು.

"ಹೂಂ, ಬಿಚ್ಚಿಕೊಳ್ತವೆ" ಎಂದಳು. ಇನ್ನೊಂದು ಬಿಂದಿಗೆ ತುಂಬಿಸಿಕೊಂಡು ಬಂದು, ತಂಗಿಯ ಜೊತೆ ಒಂದೊಂದೇ ಬುಡಕ್ಕೆ ನೀರು ಹಾಕುತ್ತ ಹೋದಳು.