ಮೌನಪ್ಪನ ಗೇಣು

ದೇವದುರ್ಗದ ಮೌನಪ್ಪನ ಬಡಿಗತನದ ಅಂಗಡಿಯಲ್ಲಿ ಅಳತೆಪಟ್ಟಿ ಅನ್ನುವ ವಸ್ತುವೇ ಇರಲಿಲ್ಲ. ಬಿತ್ತುವ ಕೂರಿಗೆಯಾಗಲಿ, ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆಯಾಗಲಿ, ಎಲ್ಲಕ್ಕೂ ಅವನ ಬಲಗೈ ಗೇಣೇ ಅಳತೆ. ಅಪ್ಪನ ಕಾಲಕ್ಕೆ ಅಪ್ಪನ ಗೇಣು, ಈಗ ಇವನದು. ಟೇಪು ತಗೋ ಅಂತ ಯಾರಾದರೂ ಅಂದರೆ, "ಟೇಪು ಎಲ್ಲ್ಯಾರ ಕಳೀತದ, ಕೈ ಕಳೀತದೇನಲೇ?" ಅಂತ ಬಾಯಿ ಮುಚ್ಚಿಸುತ್ತಿದ್ದ. ಅಂಥ ಗಟ್ಟಿ ಆಸಾಮಿ.

ಈ ಗಟ್ಟಿ ಆಸಾಮಿ ಎಪ್ಪತ್ತೆಂಟನೇ ಇಸವಿಯಲ್ಲಿ ಸರಕಾರಿ ಹೈಸ್ಕೂಲಿನ ಹಂಪಯ್ಯ ಮಾಸ್ತರರ ಮಾತಿಗೆ ಕರಗಿಬಿಟ್ಟ. ಮಾಸ್ತರರು ಕೂಲಿ ಮಾಡಿಕೊಂಡೇ ಓದಿ ಮೇಲೆ ಬಂದವರು. ಮಕ್ಕಳು ಓದಿನ ಜೊತೆ ಕೈಕೆಲಸವನ್ನೂ ಕಲಿಯಲಿ, ಶನಿವಾರ ನಿಮ್ಮ ಅಂಗಡಿಗೆ ಕರೆತರುತ್ತೇನೆ ಅಂದರು. ಮೌನಪ್ಪನಿಗೆ ಮಕ್ಕಳಿರಲಿಲ್ಲ. ಈ ಕಸುಬು ನನ್ನ ಜೊತೆಗೇ ಮಣ್ಣಾಗುತ್ತದೆ ಅನ್ನುವ ಚಿಂತೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಹೂಂ ಅಂದ.

ಕಬ್ಬಿಣದಂಗಡಿಯ ಸಲಾವುದ್ದೀನ್ ಮೊಳೆ, ಪಟ್ಟಿ ಎಲ್ಲ ತಾನೇ ಕೊಟ್ಟ. "ನಿನ್ನ ಕೈಯಾಗ ಕಲತವ್ರು ನಾಳಿ ನನ್ನ ಅಂಗಡಿಗೇ ಬರ್ತಾರ ದೋಸ್ತ. ನನಗೇನು ನುಕ್ಸಾನ್?" ಅಂತ ನಕ್ಕ.

ಕೆಲವು ತಂದೆತಾಯಿ ಮಾತ್ರ ಮೂಗು ಮುರಿದರು. ಶಾಲೆಗೆ ಕಳಿಸಿದ್ದು ಕಟ್ಟಿಗೆ ಕೆತ್ತುವುದಕ್ಕಾ ಅಂತ ಹೆಡ್‌ಮಾಸ್ತರರ ಮುಂದೆ ಜಗಳ ತೆಗೆದರು. ಮಕ್ಕಳು ಮಾಡಿದ ಸಾಮಾನಿನ ಬಗ್ಗೆ ರೈತರಿಂದ ಒಂದೇ ಒಂದು ದೂರು ಬಂದರೂ ಈ ತರಗತಿ ಬಂದ್ ಅಂತ ಹೆಡ್‌ಮಾಸ್ತರರು ಕಡ್ಡಿ ಮುರಿದ ಹಾಗೆ ಹೇಳಿದರು. ಮೌನಪ್ಪ ಎದೆ ತಟ್ಟಿ ಹೇಳಿದ: "ಬರಂಗಿಲ್ರಿ. ನಾ ಜವಾಬ್ದಾರಿ."

ದಸರಾ ರಜೆಗೆ ಮೊದಲ ದೊಡ್ಡ ಕೆಲಸ ಬಂತು. ಮಸರಕಲ್ಲಿನ ದುರುಗಪ್ಪ ತನ್ನ ಓಣಿಯ ಆರು ಮನೆಗಳಿಗೆ ಆರು ಕೂರಿಗೆ ಹೇಳಿದ. ಹಿಂಗಾರಿ ಜೋಳದ ಬಿತ್ತನೆ ಮುಂದೆಯೇ ಇತ್ತು. ಬೀಜ ಇಳಿಯುವ ತಾಳುಗಳು ಎಷ್ಟು ದೂರದಲ್ಲಿರಬೇಕು ಅಂತ ಮೌನಪ್ಪ ಹಲಗೆಯ ಮೇಲೆ ಮತ್ತೆ ಮತ್ತೆ ಕೈ ಚಾಚಿ ತೋರಿಸಿದ. "ತಾಳಿಂದ ತಾಳಿಗೆ ಎರಡು ಗೇಣು. ತಪ್ಪಿದ್ರ ಕೈ ಕಡೀತೀನಿ!" ಮಾಸ್ತರರಿಗೆ ಒಪ್ಪಿಸಿ, ತಂಗಿಯ ಮನೆಯ ಮದುವೆಗೆಂದು ರಾಯಚೂರಿಗೆ ಹೋದ.

ಮೂರು ದಿನ ಬಿಟ್ಟು ಬಂದಾಗ ಅಂಗಡಿ ಗುಡಿಸಿ ಒಪ್ಪ ಮಾಡಿತ್ತು. ಒಂಬತ್ತನೇ ಇಯತ್ತೆಯ ಗೋಪಮ್ಮ ಒಬ್ಬಳೇ ಕಟ್ಟಿಗೆ ಕೆತ್ತುವ ಬಾಚಿಗೆ ಎಣ್ಣೆ ಸವರುತ್ತಿದ್ದಳು.

"ಆರೂ ಮುಗದಾವ್ರಿ ಕಾಕಾ. ಮಳಿ ಆತಲ್ರಿ, ದುರುಗಪ್ಪ ಮಾವ ನಿನ್ನೇನ ಒಯ್ದಾನ. ನೋಡ್ರಿ ಇಲ್ಲಿ, ಬೊಬ್ಬಿ!" ಅಂತ ಅಂಗೈ ಚಾಚಿದಳು.

ಮೌನಪ್ಪ ಬೊಬ್ಬೆ ನೋಡಲಿಲ್ಲ, ಕೈ ನೋಡಿದ. ಅಯ್ಯೋ ಶಿವನೇ, ಎಷ್ಟು ಸಣ್ಣ ಕೈ! ಗೇಣು ಅಂದಿದ್ದ, ಯಾರ ಗೇಣು ಅಂತ ಹೇಳಿರಲಿಲ್ಲ.

"ಎರಡು ಗೇಣು ಇಟ್ಟೀರಿ, ಹೌದಿಲ್ಲೋ?"

"ಹೌದ್ರಿ, ಎರಡ ಗೇಣು!" ಅಂದಳು ಹೆಮ್ಮೆಯಿಂದ.

ಮೌನಪ್ಪ ಮುಂದೆ ಕೇಳುತ್ತ ನಿಲ್ಲಲಿಲ್ಲ. ಸೈಕಲ್ ಹತ್ತಿದವನೇ ಮಸರಕಲ್ ದಾರಿ ಹಿಡಿದ. ಸಾಲು ಇಕ್ಕಟ್ಟಾಗಿ ಬಿದ್ದರೆ ತಾನೇ ಮಾಡಿಕೊಟ್ಟ ಎಡೆಕುಂಟೆ ಕಳೆಯ ಜೊತೆ ಬೆಳೆಯನ್ನೂ ಕತ್ತರಿಸಿ ಹಾಕುತ್ತದೆ. ಆರು ಮನೆಯ ಪೈರು! ಮಕ್ಕಳ ತರಗತಿಗೂ ಅಲ್ಲಿಗೇ ಮಂಗಳ. ಕಲಿತ ಮಕ್ಕಳ ತಪ್ಪಲ್ಲ, ಹೇಳಿದ ಮುದಿಗೂಬೆಯ ತಪ್ಪು ಅಂತ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ದುರುಗಪ್ಪನ ಹೊಲದಲ್ಲಿ ಅರ್ಧ ಬಿತ್ತನೆ ಆಗಿಹೋಗಿತ್ತು. ಮೌನಪ್ಪ ಎರೆಮಣ್ಣಿನಲ್ಲಿ ಮಂಡಿಯೂರಿ ಸಾಲಿನಿಂದ ಸಾಲಿಗೆ ಗೇಣು ಹಾಕಿದ. ಒಂದು, ಎರಡು. ಸರಿಯಾಗಿ ಎರಡು. ಪಕ್ಕದ ಸಾಲು, ಅದೂ ಎರಡು.

"ಏನ್ ಕಳಕೊಂಡಿ ಮೌನಪ್ಪಣ್ಣ?" ಎತ್ತು ನಿಲ್ಲಿಸಿ ದುರುಗಪ್ಪ ಕೇಳಿದ.

"ಜೀವ ಕಳಕೊಂಡಿದ್ನೋ ಮಾರಾಯಾ. ಸಿಕ್ತು!"

ನಂಬಿಕೆಯಾಗದೆ ಓಣಿಯವರ ಹೊಲಗಳಿಗೂ ಓಡಿದ, ಬೆನ್ನಿಗೆ ದುರುಗಪ್ಪನೂ ಬಂದ. ಕೂರಿಗೆ ಕೂರಿಗೆಗೂ ಕೈ ಇಟ್ಟ. ಎಲ್ಲವೂ ಅವಳಿ ಮಕ್ಕಳಂತೆ ಒಂದೇ ಸಮ. ಒಂದರಲ್ಲಿ ಮಾತ್ರ ಎರಡು ಬೆರಳು ಹೆಚ್ಚು.

"ಪಾಪ, ಕಲಿಯೂ ಮಕ್ಕಳು. ಇದೊಂದು ತಪ್ಯಾರ," ಅಂದ.

"ಅದು ಮಕ್ಕಳ ಆರರಾಗಿಂದಲ್ಲಪೋ. ಹ್ವಾದ ವರ್ಷ ನೀನ ಕೊಟ್ಟಿದ್ದು," ಅಂದ ದುರುಗಪ್ಪ.

ಮೌನಪ್ಪನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಲೆಯ ಮೇಲಿನ ಭಾರ ಇಳಿದವನಿಗೆ ನಾಚಿಕೆ ಎಷ್ಟು ಹೊತ್ತು ನಿಂತೀತು? ಬದುವಿನ ಮೇಲೆ ಕೂತು, ದುರುಗಪ್ಪ ಕೊಟ್ಟ ರೊಟ್ಟಿ, ಪುಂಡಿಪಲ್ಲೆ ತಿಂದು, ಒಂದು ಚೆಂಬು ನೀರು ಕುಡಿದು ಊರಿಗೆ ತಿರುಗಿದ.

ಅಂಗಡಿಯಲ್ಲಿ ಗೋಪಮ್ಮನ ಜೊತೆ ಹಂಪಯ್ಯ ಮಾಸ್ತರರೂ ಇದ್ದರು. "ಯವ್ವಾ, ನಿನ್ನ ಕೈ ಇಷ್ಟೀಟದ. ನನ್ನ ಗೇಣು ಹೆಂಗ ಬಂತು?" ಅಂತ ಮೌನಪ್ಪ ಕೇಳಿದ.

"ಗೇಣು ಒಬ್ಬೊಬ್ಬರದು ಒಂದೊಂದು ಇರ್ತದಂತ ನಾಕನೆತ್ತ್ಯಾಗ ಕಲತೀವ್ರಿ. ನೀವು ಹಲಗಿ ಮ್ಯಾಲ ಕೈ ಇಟ್ಟಾಗ ಎರಡೂ ಕಡಿ ಸೀಮಿಸುಣ್ಣ ಹಚ್ಚಿದ್ವಿ, ಆಮ್ಯಾಲ ಸ್ಕೇಲು ಇಟ್ಟು ನೋಡಿದ್ವಿ," ಅಂತ ನೋಟ್‌ಬುಕ್ ಬಿಚ್ಚಿದವಳು ಒಂದು ಗಳಿಗೆ ತಡೆದಳು. "ಸಿಟ್ಟಾಗಬ್ಯಾಡ್ರಿ ಕಾಕಾ. ನೀವು ಐದು ಸಲ ಗೇಣಿಟ್ರಿ, ಐದು ಸಲಾನೂ ಬ್ಯಾರೆ ಬ್ಯಾರೆ ಬಂತು. ಅದಕ್ಕ ಸರಾಸರಿ ತಗದ್ವಿ. ಇಪ್ಪತ್ಮೂರು ಸೆಂಟಿಮೀಟರು."

ಮಾಸ್ತರರು ಬೇರೆ ಕಡೆ ಮುಖ ಮಾಡಿ ನಗು ನುಂಗಿದರು. ಮೌನಪ್ಪ ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂವತ್ತು ವರ್ಷ ಊರನ್ನೆಲ್ಲ ಗದರಿಸಿದ ಕೈ ಅದು. ಆಮೇಲೆ ಪಂಚೆ ಮೇಲೆತ್ತಿ ಗೋಪಮ್ಮನ ಪಕ್ಕದಲ್ಲೇ ನೆಲಕ್ಕೆ ಕುಳಿತ.

"ಅದೇನೋ ಸರಾಸರಿ ಅಂದೆಲ್ಲ, ಅದನ್ನ ಹೆಂಗ ತಗೀತಾರ? ನನಗೂ ಒಂದೀಟು ಹೇಳಿಕೊಡವ್ವಾ," ಅಂದ.

ಗೋಪಮ್ಮ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿ ಪೆನ್ಸಿಲನ್ನು ಅವನ ಕೈಗೆ ಕೊಟ್ಟಳು.