ಶಿವನಂಜಮ್ಮ ಪಿಸುಗುಟ್ಟಿದ್ದು

"ಇವತ್ತಾದರೂ ಬರ್ತೀಯೇನಪ್ಪಾ?"

ಖಾಲಿ ಬಾಳೆಎಲೆಯ ಮುಂದೆ ಕುಳಿತು ಶಿವನಂಜಮ್ಮ ಹೀಗೆ ಕೇಳಬೇಕಿತ್ತು, ಎದುರಿಗೆ ಯಾರೂ ಇಲ್ಲದ ಹಾಗೆ. ನಮ್ಮ ಚಿತ್ರದ ಕತೆಯಲ್ಲಿ ಆಕೆ ದಿನವೂ ದೇವರಿಗೆಂದು ಒಂದು ಎಲೆ ಹೆಚ್ಚಿಗೆ ಹಾಕಿ ಕಾಯುವ ಮುದುಕಿ. ಹನ್ನೊಂದು ಸಲ ತೆಗೆದೆವು. ಹನ್ನೊಂದು ಸಲವೂ ಆಕೆ ಕೇಳಿದ್ದು ಎಲೆಯನ್ನಲ್ಲ, ಕ್ಯಾಮೆರಾದ ಪಕ್ಕ ನಿಂತಿದ್ದ ನಿರ್ದೇಶಕ ಷಡಕ್ಷರಿಯವರನ್ನು.

"ಅಜ್ಜೀ, ನನ್ನನ್ಯಾಕೆ ಕೇಳ್ತೀರಿ? ನಾನು ಆಗಲೇ ಬಂದಾಗಿದೆ. ಎಲೆ ನೋಡಿ, ಎಲೆ."

"ಖಾಲಿ ಎಲೇನ ಏನಂತ ನೋಡ್ಲಪ್ಪ? ಅನ್ನ ಬಡಿಸಿದ್ರೆ ನೋಡೋದಕ್ಕೂ ಒಂದು ಅರ್ಥ."

ಎಲ್ಲರೂ ನಕ್ಕೆವು. ಎಲ್ಲರೂ ಎಂದರೆ ಮೂವರೇ: ಷಡಕ್ಷರಿ, ಕ್ಯಾಮೆರಾ ಹಿಡಿದಿದ್ದ ಅವರ ತಂಗಿಯ ಗಂಡ, ಮತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದ ನಾನು.

ಷಡಕ್ಷರಿಯವರದು ಗಡಿಯಾರ ರಿಪೇರಿ ಅಂಗಡಿ. ಹೆಸರಿನಲ್ಲೇ ಮಂತ್ರವಿದ್ದರೂ ಗುಡಿಯ ಮೆಟ್ಟಿಲು ಹತ್ತಿದವರಲ್ಲ. ಇಂಥವರು ಭಕ್ತೆಯ ಕತೆ ತೆಗೆಯುವುದೇಕೆ ಎಂದು ಒಮ್ಮೆ ಕೇಳಿದ್ದೆ. "ದೇವರು ಬರೋದಿಲ್ಲ ಮಾರಾಯ್ರೆ, ಅದು ನನಗೆ ಗೊತ್ತು. ಆದರೆ ಕಾಯೋಳು ಇದಾಳಲ್ಲ, ಅವಳು ಸುಳ್ಳಲ್ಲ," ಎಂದಿದ್ದರು. ಹವ್ಯಾಸಿಗಳ ಚಿತ್ರಸ್ಪರ್ಧೆಗೆ ಒಂದು ಚಿತ್ರ ಕಳಿಸಬೇಕೆಂಬುದು ಅವರ ಹದಿನೈದು ವರ್ಷಗಳ ಆಸೆ.

ನಾನು ತಾಲ್ಲೂಕು ಕಚೇರಿಯ ಗುಮಾಸ್ತ, ದಿನವೂ ಪೂಜೆಗೆ ಕೂರುವವನಾದ್ದರಿಂದ ಷಡಕ್ಷರಿಯವರ ಬಾಯಲ್ಲಿ 'ಭಕ್ತರು'. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ತಂದೆ ಕಾವ್ಯವಾಚನ ಮಾಡುತ್ತಿದ್ದರು. ಪದ್ಯ ಮುಗಿದ ಕೂಡಲೇ ಯಾರೂ ಬಾಯಿ ತೆರೆಯಕೂಡದು, ಕೊನೆಯ ಅಕ್ಷರ ಗೋಡೆಗಳಲ್ಲಿ ಇಂಗುವವರೆಗೆ ಕಾಯಬೇಕು. ಇಪ್ಪತ್ತು ವರ್ಷ ಹಾಗೆ ಕಾದು ಬೆಳೆದವನು ನಾನು. "ಭಕ್ತರೇ, ನಿಮಗೆ ಮಾತು ಬರೋಲ್ಲ, ಕಿವಿ ಬರುತ್ತೆ," ಎಂದು ಷಡಕ್ಷರಿ ಧ್ವನಿಮುದ್ರಣದ ಯಂತ್ರವನ್ನು ನನ್ನ ತೊಡೆಯ ಮೇಲಿಟ್ಟರು.

ಶಿವನಂಜಮ್ಮ ಊರಿನ ಉಚಿತ ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತಿದ್ದರು. ಚಿತ್ರೀಕರಣ ನಡೆದದ್ದೂ ಅಲ್ಲಿನ ಅಡುಗೆಮನೆಯಲ್ಲೇ.

ಧ್ವನಿಮುದ್ರಣದಲ್ಲಿ ಒಂದು ಪದ್ಧತಿಯಿದೆ. ದಿನದ ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಎಲ್ಲರೂ ಒಂದು ನಿಮಿಷ ಸುಮ್ಮನಿರಬೇಕು. ಆ ಕೋಣೆಯ ಬರಿಯ ನಿಶ್ಶಬ್ದವನ್ನು ಹಿಡಿದಿಟ್ಟುಕೊಂಡರೆ, ಆಮೇಲೆ ಮಾತನ್ನು ಕತ್ತರಿಸಿ ಜೋಡಿಸಿದ ಕಡೆ ಅದನ್ನೇ ತೇಪೆ ಹಾಕಬಹುದು. ಮೊದಲ ದಿನ ಷಡಕ್ಷರಿ "ಒಂದು ನಿಮಿಷ ಎಲ್ಲರೂ ಮೌನ" ಎಂದಾಗ ಶಿವನಂಜಮ್ಮ ಸೆರಗು ಹೊದ್ದು, ಕೈ ಮುಗಿದು, ಕಣ್ಣು ಮುಚ್ಚಿದರು. ಮುಗಿದ ಮೇಲೆ, "ಒಳ್ಳೇ ಪದ್ಧತಿ ಇಟ್ಕೊಂಡಿದೀಯ ಕಣಪ್ಪ, ಕೆಲಸ ಮುಗಿಸಿ ಶಿವನ್ನ ನೆನೆಯೋದು," ಎಂದು ಹೊಗಳಿದರು. ಷಡಕ್ಷರಿ ಕೆಮ್ಮಿದರು. ಯಾರೂ ತಿದ್ದಲಿಲ್ಲ.

ಹನ್ನೊಂದು ಸಲ ಸೋತ ಆ ದಿನವೂ ಮೌನಕ್ಕೆ ಕುಳಿತೆವು. ಎಲೆಯ ಪಕ್ಕದ ಚೊಂಬಿನ ಹಿಂದೆ ಮೈಕು ಹಾಗೇ ಇತ್ತು. ಶಿವನಂಜಮ್ಮನ ತುಟಿ ಅಲುಗಿತು. ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು.

"ತಂದೇ, ಎಡಗಣ್ಣು ಹೋಯ್ತು, ಹೋಗ್ಲಿ. ಬಲಗಣ್ಣಲ್ಲಿ ಒಂಚೂರು ಬೆಳಕಿದೆ, ಅದನ್ನ ಉಳಿಸು. ಎಲೆ ಎಲ್ಲಿದೆ ಅಂತಾನೇ ಕಾಣಲ್ಲ, ಈ ಮಕ್ಕಳಿಗೆ ಹೆಂಗೆ ಹೇಳ್ಲಿ? ಗೊತ್ತಾದ್ರೆ ಒಲೆ ಮುಂದೆ ನಿಲ್ಲಕ್ಕೆ ಬಿಡಲ್ಲ. ನಲವತ್ತು ಹುಡುಗರಿಗೆ ಅನ್ನ ಮಾಡೋದು ಬಿಟ್ಟು ನಿನಗೆ ಬೇರೆ ಪೂಜೆ ನಾನೇನು ಮಾಡಿದೀನಿ, ನೀನೇ ಹೇಳು."

ಹನ್ನೊಂದು ಸಲವೂ ಆಕೆ ಷಡಕ್ಷರಿಯವರ ದನಿ ಬಂದ ಕಡೆಗೆ ಮುಖ ತಿರುಗಿಸುತ್ತಿದ್ದರು ಅಷ್ಟೇ. ನಾವು ಅದನ್ನು ನಟನೆ ಬಾರದ್ದು ಎಂದುಕೊಂಡಿದ್ದೆವು.

ನನ್ನ ಕಣ್ಣು ತುಂಬಿದ್ದು ನಿಜ. ಬರೆಯಲು ನಾಚಿಕೆಯಾಗುವ ಇನ್ನೊಂದು ನಿಜವೂ ಇದೆ. ಗುಂಡಿ ಒತ್ತಿ ಯಂತ್ರ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಚಿತ್ರಕ್ಕೆ ಬೇಕಾದ ದನಿ ಸಿಕ್ಕಿಬಿಟ್ಟಿತೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮರುದಿನ ಅಂಗಡಿಗೆ ಹೋಗಿ ಷಡಕ್ಷರಿಯವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಕೇಳಿ ಮುಗಿಸಿ ಅವರು ಕೈಯಲ್ಲಿದ್ದ ಗಡಿಯಾರಕ್ಕೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಖಾಲಿ ಎಲೆ ತೋರಿಸಿ ಇದನ್ನು ಹಾಕಿದರೆ ಬಹುಮಾನ ನಮ್ಮದೇ, ಅಣ್ಣ," ಎಂದೆ.

"ಮೊದಲು ಅಜ್ಜಿ ಕಣ್ಣು ನೋಡೋಣ. ಚಿತ್ರ ಆಮೇಲೆ."

ಎಂದೂ ಸುಳ್ಳು ಹೇಳದ ಮನುಷ್ಯ ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಿನಿಮಾ ಲೈಟು ಬಹಳ ಕೆಟ್ಟದ್ದು, ಅದರ ಹತ್ತಿರ ಕೂತವರೆಲ್ಲ ಕಣ್ಣು ತೋರಿಸಿಕೊಳ್ಳಲೇಬೇಕು ಎಂದು ಹೇಳಿದರು. ನಾಲ್ವರೂ ಸಾಲಾಗಿ ಡಾಕ್ಟರ ಮುಂದೆ ಕುಳಿತೆವು. ನನಗೆ ಕನ್ನಡಕ ಬಂತು. ಶಿವನಂಜಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ತೆಗೆದರೆ ಸರಿಹೋಗುತ್ತದೆ ಎಂದರು. ಒಂದಾದ ಮೇಲೊಂದರಂತೆ ತೆಗೆದೂ ಆಯಿತು. ಕೊನೆಯ ಪಟ್ಟಿ ಬಿಚ್ಚಿದ ದಿನ ಆಕೆ ಷಡಕ್ಷರಿಯವರನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದಿನ ದನಿ ಕೇಳಿ ನಿನ್ನ ಚೆಲುವ ಅಂದ್ಕೊಂಡಿದ್ನಲ್ಲಪ್ಪ!" ಎಂದರು. ಒಲೆಯ ಮುಂದಿನ ಜಾಗ ಅವರಿಗೇ ಉಳಿಯಿತು.

ದೃಶ್ಯವನ್ನು ಮತ್ತೆ ತೆಗೆದೆವು. ಈ ಸಲ ಎಲೆಯನ್ನೇ ನೋಡಿ ಕೇಳಿದರು. ಆದರೆ ದನಿ ಮಾತ್ರ ಪಾಠ ಒಪ್ಪಿಸುವ ಹುಡುಗಿಯದೇ. ಸ್ಪರ್ಧೆಗೆ ಚಿತ್ರ ಕಳಿಸಲು ಮೂರು ದಿನ ಉಳಿದಿತ್ತು.

ಆ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಷಡಕ್ಷರಿ ಇನ್ನೊಂದು ಚಿತ್ರ ತೆಗೆಯಲೂ ಇಲ್ಲ. ಆಮೇಲೆ ಎಷ್ಟೋ ಮಂದಿಯ ಹಾಡು, ಅಳು, ಮಾತುಗಳನ್ನು ನಾನು ಮುದ್ರಿಸಿಕೊಂಡಿದ್ದೇನೆ, ಪ್ರತಿಸಲವೂ ಅವರನ್ನು ಕೇಳಿ. ಬೆಳಿಗ್ಗೆ ದೇವರ ಮುಂದೆ ಕುಳಿತಾಗ ತಂದೆಯನ್ನು ನೆನೆಯುತ್ತೇನೆ, ಅವರ ಜೊತೆಗೆ ಷಡಕ್ಷರಿಯವರನ್ನೂ. ದೃಶ್ಯವನ್ನು ಮತ್ತೆ ತೆಗೆದ ಆ ಸಂಜೆ ಅಂಗಡಿಯಲ್ಲಿ ಅವರು ಆಡಿದ ಮಾತು ಅಂದು ನನಗೆ ಕಹಿಯಾಗಿತ್ತು.

"ಈಗ ಕಣ್ಣು ಬಂತಲ್ಲ ಅಣ್ಣ, ಕೆಲಸ ಹೋಗೋ ಭಯವೂ ಇಲ್ಲ. ಆ ಒಂದು ನಿಮಿಷ ಹಾಕಿಬಿಡೋಣ. ದೇವರೇ ಕೊಟ್ಟಿದ್ದು ಅದು."

"ದೇವರು ಕೊಟ್ಟಿದ್ದಲ್ಲ ಭಕ್ತರೇ. ನೀವು ಕದ್ದಿದ್ದು."

"ಹಾಗಾದರೆ ಅವರನ್ನೇ ಕೇಳೋಣ. ಹೂಂ ಅಂತಾರೆ."

"ಅಂತಾರೆ. ಕಣ್ಣು ಮಾಡಿಸಿದೋನು ಅಂತ ಹೂಂ ಅಂತಾರೆ. ಅದಕ್ಕೇ ಕೇಳಬಾರದು."

"ನಿಮಗೆ ನಂಬಿಕೆಯೇ ಇಲ್ಲವಲ್ಲ, ಇದರಲ್ಲಿ ನಿಮಗೇನು?"

"ನನಗಿಲ್ಲ. ಆದರೆ ಆಯಮ್ಮ ಮಾತಾಡ್ತಿದ್ದದ್ದು ನನ್ನ ಹತ್ರ ಅಲ್ಲ, ನಿಮ್ಮ ಹತ್ರಾನೂ ಅಲ್ಲ."

ಅವರು ಟೇಪನ್ನು ಹಿಂದಕ್ಕೆ ಸುತ್ತಿ ಆ ನಿಮಿಷದ ಮೊದಲಿಗೆ ತಂದು, ಅಳಿಸಲು ಗುಂಡಿಯ ಮೇಲೆ ಬೆರಳಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ.

"ಚಿತ್ರಕ್ಕೆ ಬೇಡ. ನನಗೊಬ್ಬನಿಗೆ ಇರಲಿ ಬಿಡಿ ಅಣ್ಣ. ಯಾರಿಗೂ ಕೇಳಿಸೋದಿಲ್ಲ. ಒಂದೇ ಒಂದು ಸಲ ಕೇಳಿ ನಾನೇ ಅಳಿಸ್ತೀನಿ."

"ಇಲ್ಲ," ಎಂದರು ಷಡಕ್ಷರಿ. "ಒಂದು ಸಲವೂ ಇಲ್ಲ."